ಮನೆಯಲ್ಲೇ ಟಿಕಿ ಮಗ್ ಮಾಡಿದ್ದು: ನನ್ನ ಅನುಭವ

ಟಿಕಿ ಮಗ್ ಅಂದರೆ ಮುಖ ಕೆತ್ತಿದ ಮಣ್ಣಿನ ಲೋಟ, ಟಿಕಿ ಬಾರ್‌ಗಳಲ್ಲಿ ರಮ್ ಪಾನೀಯ ಕೊಡುವುದು ಇದರಲ್ಲಿ. ಮೊದಲ ಮಗ್ ಸುಟ್ಟು ಬಂದ ದಿನ ಅದಕ್ಕೆ ನೀರು ಅಳೆದು ಹಾಕಿದೆ. 300 ಮಿಲಿಗೇ ತುಂಬಿ ಹೋಯಿತು. ನನಗೆ ಬೇಕಿದ್ದದ್ದು 450. ಮಣ್ಣು ಕುಗ್ಗುತ್ತದೆ ಅಂತ ಗೊತ್ತಿತ್ತು, ಚೀಲದ ಮೇಲೆ 12% ಅಂತ ಬರೆದೂ ಇತ್ತು. ನೂರಕ್ಕೆ ಹನ್ನೆರಡು ತಾನೆ, 50 ಮಿಲಿ ಕಮ್ಮಿಯಾದರೆ ಆಗಲಿ ಅಂದುಕೊಂಡಿದ್ದೆ. ಆದರೆ ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವಲ್ವಾ? 0.88 ಅನ್ನು ಮೂರು ಸಲ ಗುಣಿಸಿದರೆ 0.68. ಮೂರರಲ್ಲಿ ಒಂದು ಪಾಲು ಹೋಯಿತು. ಈಗ 450 ಬೇಕಾದರೆ ಗೋಡೆಯ ದಪ್ಪ ಬಿಟ್ಟು ಒಳಗೆ 660 ಮಿಲಿ ಹಿಡಿಯುವಂತೆ ಮಾದರಿ ಮಾಡುತ್ತೇನೆ. ಪುಡಿ ಐಸ್ ಜಾಸ್ತಿ ಹಾಕುವ ಮಗ್ ಇದು, ಜಾಗ ಬೇಕೇ ಬೇಕು.

ನಾನಿರುವುದು ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ. ಊರು ಪುತ್ತೂರಿನ ಹತ್ತಿರ. ಟಿಕಿ ಬಾರ್ ಅನ್ನುವುದು ಹುಟ್ಟಿದ್ದೇ ಈ ರಾಜ್ಯದಲ್ಲಿ. 1933ರಲ್ಲಿ ಅಮೆರಿಕದ ಪಾನನಿಷೇಧ ಹೋದ ಮೇಲೆ ಹಾಲಿವುಡ್‌ನಲ್ಲಿ ಡಾನ್ ದಿ ಬೀಚ್‌ಕೋಂಬರ್ ಅನ್ನುವ ಬಾರ್ ಬಂತು, ಆಮೇಲೆ ನಮ್ಮ ಪಕ್ಕದ ಓಕ್ಲೆಂಡ್‌ನಲ್ಲಿ ಟ್ರೇಡರ್ ವಿಕ್ಸ್. ಬಿದಿರು, ಹುಲ್ಲಿನ ಮಾಡು, ಒಣಗಿಸಿದ ಮುಳ್ಳುಮೀನಿನ ದೀಪ, ಮತ್ತೆ ಮುಖ ಕೆತ್ತಿದ ಈ ಮಗ್‌ಗಳು. ಅಲಮೀಡಾದಲ್ಲಿ ತಿಂಗಳ ಮೊದಲ ಭಾನುವಾರ ಹಳೇ ಸಾಮಾನಿನ ದೊಡ್ಡ ಸಂತೆ ನಡೆಯುತ್ತದೆ. ಅಲ್ಲಿ ಒಂದು ಹಳೆಯ ಮಗ್ ಕೊಂಡೆ, ತಳದಲ್ಲಿ ಜಪಾನ್ ಅಂತ ಅಚ್ಚೊತ್ತಿತ್ತು. ಆಗಿನ ಕಾಲದಲ್ಲಿ ಇಂಥವನ್ನು ಜಪಾನಿನಲ್ಲಿ ಮಾಡಿಸಿ ರಾಶಿ ರಾಶಿ ತರಿಸುತ್ತಿದ್ದರು. ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು: ಬಣ್ಣ ಇರುವುದು ಗೆರೆಗಳ ಒಳಗೆ ಮಾತ್ರ. ಉಬ್ಬಿದ ಕಡೆ ಒರೆಸಿ ತೆಗೆದಿದ್ದಾರೆ. ಅಷ್ಟಕ್ಕೇ ಮುಖಕ್ಕೆ ಜೀವ ಬಂದಿದೆ. ಇದನ್ನು ನಾನೂ ಮಾಡಬೇಕು ಅನ್ನಿಸಿದ್ದು ಆಗಲೇ.

ಯಾವ ಮುಖ ಕೆತ್ತುವುದು ಅನ್ನುವುದಕ್ಕೇ ಒಂದು ತಿಂಗಳು ಹೋಯಿತು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಕೆಲವು ಕತೆಗಳಲ್ಲಿ ಟಿಕಿ ಅಂದರೆ ಮೊದಲ ಮನುಷ್ಯ. ಪೆಸಿಫಿಕ್‌ನ ಬೇರೆ ದ್ವೀಪಗಳಲ್ಲೂ ಆ ಮರದ, ಕಲ್ಲಿನ ಮುಖಗಳು ಹಿರಿಯರವು, ದೇವರವು. ನಮ್ಮ ಕಡೆ ಭೂತಸ್ಥಾನದಲ್ಲಿ ಪಂಜುರ್ಲಿಯ ಮೊಗ ಇದೆ. ಅದನ್ನು ಯಾರಾದರೂ ಅಳತೆ ತೆಗೆದು ರಮ್ ಕುಡಿಯುವ ಲೋಟ ಮಾಡಿದರೆ ನನ್ನ ಅಜ್ಜಿ ಎಷ್ಟು ನೊಂದುಕೊಂಡಾರು ಅಂತ ಯೋಚಿಸಿದೆ. ಅಲ್ಲಿಗೆ ಆ ಮೂರ್ತಿಗಳನ್ನು ನಕಲು ಮಾಡುವ ಯೋಚನೆ ಬಿಟ್ಟೆ. ತೆಂಗಿನಕಾಯಿ ಆರಿಸಿಕೊಂಡೆ. ಸುಲಿದ ಕಾಯಿಗೆ ಮೂರು ಕಣ್ಣು ಇದ್ದೇ ಇದೆ, ಎರಡನ್ನು ಕಣ್ಣು ಮಾಡಿ ಮೂರನೆಯದನ್ನು ಅಗಲಿಸಿದರೆ ಬಾಯಿ. ಟಿಕಿ ಬಾರ್‌ಗಳಲ್ಲಿ ತೆಂಗಿನ ಮಗ್ ಮೊದಲಿಂದಲೂ ಇದೆ, ನಮಗೆ ಅದು ಮನೆಯದೇ.

ಮೊದಲು ಮಾದರಿ, ಅದರ ಮೇಲೆ ಪ್ಲಾಸ್ಟರ್ ಅಚ್ಚು, ಆ ಅಚ್ಚಿಗೆ ನೀರಾದ ಮಣ್ಣು ಹುಯ್ದು ಮಗ್: ಕ್ರಮ ಇದು. ಮಾದರಿಯನ್ನು ಎಣ್ಣೆ ಸೇರಿದ ಜೇಡಿಯಲ್ಲಿ ಮಾಡಿ. ಅದು ಒಣಗುವುದಿಲ್ಲ, ದಿನಾ ರಾತ್ರಿ ಅರ್ಧ ಗಂಟೆ ಕೂತು ಕೆತ್ತಬಹುದು. ನಾರಿನ ಗೆರೆಗಳನ್ನು ಮೊದಲು ಸೂಜಿಯಲ್ಲಿ ಸಣ್ಣಗೆ ಎಳೆದಿದ್ದೆ, ಗ್ಲೇಜ್ (ಸುಟ್ಟಾಗ ಗಾಜಿನ ಹಾಗೆ ಆಗುವ ಲೇಪ) ಹಾಕಿದ ಮೇಲೆ ಒಂದೂ ಕಾಣಲಿಲ್ಲ, ಎಲ್ಲ ಮುಚ್ಚಿಹೋಯಿತು. ಗೆರೆ 2 ಮಿಲಿಮೀಟರ್ ಆಳ ಇರಲಿ. ಕೆತ್ತುವಾಗ ಒರಟು ಅನ್ನಿಸುತ್ತದೆ, ಸುಟ್ಟ ಮೇಲೆ ಸರಿಯಾಗುತ್ತದೆ.

ಇನ್ನು ಅಚ್ಚು. ಈ ಕೆಲಸದ ಮುಕ್ಕಾಲು ಪಾಲು ಇದೇ, ಇಲ್ಲಿ ಅವಸರ ಮಾಡಿದರೆ ಮುಂದೆ ಏನೂ ಸರಿಹೋಗುವುದಿಲ್ಲ. ನನ್ನದು ಎರಡು ತುಂಡಿನ ಪ್ಲಾಸ್ಟರ್ ಅಚ್ಚು, ಮುಂದೆ ಒಂದು, ಹಿಂದೆ ಒಂದು. ಮುಂದಿನ ತುಂಡು ಮುಖದಿಂದ ನೇರವಾಗಿ ಹೊರಗೆ ಬರಬೇಕು. ಹುಬ್ಬಿನ ಕೆಳಗೆ ಮಣ್ಣು ಒಳಗೆ ಸರಿದಿದ್ದರೆ ಪ್ಲಾಸ್ಟರ್ ಅಲ್ಲಿ ಕೊಕ್ಕೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಅಂಡರ್‌ಕಟ್ ಅನ್ನುತ್ತಾರೆ ಇದಕ್ಕೆ. ನಾನು ಪರೀಕ್ಷೆ ಮಾಡುವುದು ಹೀಗೆ: ಮಾದರಿಯನ್ನು ಮೇಜಿನ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ನೇರ ಎದುರಿಂದ ನೋಡುತ್ತೇನೆ. ಮುಖದ ಯಾವ ಮೂಲೆ ಕಾಣುವುದಿಲ್ಲವೋ ಅದು ಅಂಡರ್‌ಕಟ್, ಅಲ್ಲಿಗೆ ಜೇಡಿ ತುಂಬಿ ಇಳಿಜಾರು ಮಾಡಬೇಕು. ಮೊದಲ ಮಾದರಿಯಲ್ಲಿ ಕೆಳತುಟಿಯ ಅಡಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಬಿಟ್ಟುಬಿಟ್ಟಿದ್ದೆ. ಅಷ್ಟಕ್ಕೇ ಆರು ಮಗ್‌ಗಳ ತುಟಿ ಕಿತ್ತು ಬಂತು.

ಪ್ಲಾಸ್ಟರ್ ತೂಕ ಮಾಡಿಯೇ ಕಲಸಬೇಕು. ಪಾತ್ರೆ ಪಿಂಗಾಣಿಯವರು ಬಳಸುವ ಪಾಟರಿ ಪ್ಲಾಸ್ಟರ್‌ಗೆ 100 ಪಾಲಿಗೆ 70 ಪಾಲು ನೀರು. 3 ಕಿಲೋ ಪ್ಲಾಸ್ಟರ್‌ಗೆ 2.1 ಲೀಟರ್. ನೀರಿಗೆ ಪ್ಲಾಸ್ಟರ್ ಉದುರಿಸಬೇಕು, ಪ್ಲಾಸ್ಟರ್‌ಗೆ ನೀರು ಹುಯ್ಯಬಾರದು. ಒಂದೆರಡು ನಿಮಿಷ ಸುಮ್ನೆ ನೆನೆಯಲು ಬಿಟ್ಟು, ಗುಳ್ಳೆ ಏಳದ ಹಾಗೆ ಗ್ಲೌಸ್ ಹಾಕಿದ ಕೈಯನ್ನು ತಳದಲ್ಲೇ ಆಡಿಸಿ. ನೀರುದೋಸೆ ಹಿಟ್ಟಿನಿಂದ ಉದ್ದಿನ ದೋಸೆ ಹಿಟ್ಟಿನ ಹದಕ್ಕೆ ಬರುವಾಗ ಹುಯ್ಯಿರಿ, ಮುಖದ ಮೇಲೆ ನೇರ ಅಲ್ಲ, ಮೂಲೆಯಿಂದ. ಗಟ್ಟಿಯಾಗುವಾಗ ಅದು ಚೆನ್ನಾಗಿ ಬಿಸಿಯಾಗುತ್ತದೆ, ಕೈ ಒಳಗೆ ಬಿಟ್ಟುಕೊಂಡು ಕೂರಬೇಡಿ, ಸುಡುತ್ತದೆ. ಉಳಿದದ್ದನ್ನು ಸಿಂಕಿಗೆ ಚೆಲ್ಲಬೇಡಿ, ಪೈಪಿನಲ್ಲಿ ಕಲ್ಲಾಗುತ್ತದೆ. ಮೊದಲ ತುಂಡು ಗಟ್ಟಿಯಾದ ಮೇಲೆ ಅದರ ಅಂಚಿಗೆ ಅಚ್ಚಿನ ಸೋಪು ಮೂರು ಸಲ ಹಚ್ಚಿ ಒರೆಸಿ, ಆಮೇಲೆ ಎರಡನೆಯದು. ನಾನು ಒಂದೇ ಸಲ ಹಚ್ಚಿದ್ದೆ. ಎರಡೂ ತುಂಡು ಅಂಟಿಕೊಂಡವು, ಉಳಿ ಹಾಕಿ ಒಡೆಯಬೇಕಾಯಿತು.

ಅಚ್ಚು ಫ್ಯಾನಿನ ಮುಂದೆ ಒಂದು ವಾರ ಒಣಗಲಿ. ಒಣಗಿತೋ ಇಲ್ಲವೋ ಗೊತ್ತಾಗಬೇಕಾದರೆ ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಸ್ಲಿಪ್ ಅಂದರೆ ನೀರಾದ ಮಣ್ಣು. ನಾನು ರೆಡಿ ಸಿಗುವ ಸ್ಟೋನ್‌ವೇರ್, ಅಂದರೆ ಜಾಸ್ತಿ ಶಾಖಕ್ಕೆ ಸುಡುವ ಮಣ್ಣಿನ ಸ್ಲಿಪ್ ತರುತ್ತೇನೆ. ಜರಡಿ ಹಿಡಿದು, ಅಚ್ಚಿಗೆ ರಬ್ಬರ್ ಪಟ್ಟಿ ಬಿಗಿದು, ಕೈ ನಿಲ್ಲಿಸದೆ ಒಂದೇ ಧಾರೆಯಾಗಿ ತುಂಬಿಸಬೇಕು. ನಡುವೆ ನಿಂತರೆ ಒಳಗೆ ಉಂಗುರದ ಹಾಗೆ ಗುರುತು ಬೀಳುತ್ತದೆ. ಪ್ಲಾಸ್ಟರ್ ನೀರು ಹೀರುತ್ತದೆ, ಅಂಚಿನಿಂದ ಒಳಗೆ ಮಣ್ಣು ಗಟ್ಟಿಯಾಗುತ್ತಾ ಬರುತ್ತದೆ. ಮಟ್ಟ ಇಳಿದ ಹಾಗೆ ತುಂಬಿಸುತ್ತಾ ಇರಿ. ನನ್ನ ಅಚ್ಚಿನಲ್ಲಿ ಹದಿನೈದು ನಿಮಿಷಕ್ಕೆ 5 ಮಿಲಿಮೀಟರ್ ಗೋಡೆ ಕಟ್ಟುತ್ತದೆ. ಆಮೇಲೆ ಉಳಿದ ಸ್ಲಿಪ್ ವಾಪಸ್ ಬಕೆಟ್ಟಿಗೆ ಬಸಿದು, ಅಚ್ಚನ್ನು ಓರೆಯಾಗಿ ಬೋರಲು ಹಾಕಿಡುತ್ತೇನೆ. ಒಳಗಿನ ಹೊಳಪು ಹೋಗುವ ತನಕ ಮುಟ್ಟುವುದಿಲ್ಲ. ಮುಟ್ಟದೆ ಇರುವುದು ಕಷ್ಟ, ನಿಜ.

ಒಂದೂವರೆ ಗಂಟೆ ಆದ ಮೇಲೆ ಹಿಂದಿನ ತುಂಡು ಮೊದಲು ತೆಗೆಯುತ್ತೇನೆ. ಸಣ್ಣಗೆ ಚುಪ್ ಅಂತ ಸದ್ದು ಬಂದು ಅಚ್ಚು ಬಿಡುತ್ತದೆ. ಒಳಗೆ ಬೂದು ಬಣ್ಣದ, ಒದ್ದೆ, ತಣ್ಣಗಿನ ಕಾಯಿ. ಪ್ರತಿ ಸಲವೂ ನನಗೆ ಅದೇ ಖುಷಿ. ಮೊದಲ ಎರಡು ಮೂರು ಮಗ್‌ಗಳ ಆಸೆ ಇಟ್ಟುಕೊಳ್ಳಬೇಡಿ, ಅವು ಅಚ್ಚಿನ ಮೇಲಿನ ಸೋಪು, ಧೂಳು ಎಳೆದುಕೊಂಡು ಬರುತ್ತವೆ. ದಿನಕ್ಕೆ ಎರಡಕ್ಕಿಂತ ಜಾಸ್ತಿ ತೆಗೆಯಬೇಡಿ, ಅಚ್ಚು ನೆನೆದು ನೀರು ಹೀರುವುದನ್ನೇ ಬಿಡುತ್ತದೆ.

ಎರಡು ತುಂಡು ಸೇರಿದ ಕಡೆ ಒಂದು ಏಣು ಇರುತ್ತದೆ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಗಟ್ಟಿ ಇರುವಾಗಲೇ ಕೆರೆದು, ಮರದ ಚಮಚದ ಹಿಂಬದಿಯಿಂದ ಒತ್ತಿ ಉಜ್ಜಬೇಕು. ಬರೀ ಕೆರೆದರೆ ಸಾಲದು, ಸುಟ್ಟ ಮೇಲೆ ಆ ಗೆರೆ ತಿರುಗಿ ಎದ್ದು ಬರುತ್ತದೆ. ಒಣಗಿದ ಮೇಲೆ ಮರಳು ಕಾಗದ ಹಾಕಿ ಉಜ್ಜುವವರಿದ್ದಾರೆ, ದಯವಿಟ್ಟು ಬೇಡ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಒದ್ದೆ ಸ್ಪಂಜು ಸಾಕು. ನೆಲವನ್ನೂ ಗುಡಿಸಬೇಡಿ, ಒರೆಸಿ. ಮನೆಯಲ್ಲಿ ಮಕ್ಕಳಿದ್ದರೆ ಇದರಲ್ಲಿ ರಾಜಿ ಬೇಡವೇ ಬೇಡ.

ನನ್ನ ಹತ್ತಿರ ಕಿಲ್ನ್, ಅಂದರೆ ಮಣ್ಣು ಸುಡುವ ಗೂಡು, ಇಲ್ಲ. ಹತ್ತಿರದ ಒಂದು ಕುಂಬಾರಿಕೆ ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ಸುಡಿಸುತ್ತೇನೆ. ಕೋನ್ ಅನ್ನುವುದು ಸುಡುವ ಶಾಖದ ಅಳತೆ. ಮೊದಲ ಸಲ ಕೋನ್ 04, ಅಂದರೆ ಸುಮಾರು 1060 ಡಿಗ್ರಿ ಸೆಲ್ಸಿಯಸ್. ಗ್ಲೇಜ್ ಹಾಕಿ ಎರಡನೇ ಸಲ ಕೋನ್ 6, ಸುಮಾರು 1220. ಯಾವ ಮಣ್ಣು ಅಂತ ಸ್ಟುಡಿಯೋದವರಿಗೆ ಮೊದಲೇ ಹೇಳಬೇಕು, ಕಮ್ಮಿ ಶಾಖದ ಮಣ್ಣನ್ನು ಕೋನ್ 6ಕ್ಕೆ ಇಟ್ಟರೆ ಕರಗಿ ಅವರ ಹಲಗೆಗೆ ಅಂಟಿಕೊಳ್ಳಬಹುದು.

ಗ್ಲೇಜ್ ಒಳಗೆ ಬಿಳಿ, ಹೊರಗೆ ಕಬ್ಬಿಣದ ಅಂಶದ ಕಂದು. ಹೊರಗೆ ಇಡೀ ಮಗ್‌ಗೆ ಬ್ರಶ್ಶಿನಲ್ಲಿ ಬಳಿದಾಗ ಮುಖವೇ ಕಾಣುವುದಿಲ್ಲ, ಕೆಸರಿನ ಮುದ್ದೆ ಇದ್ದ ಹಾಗೆ ಇರುತ್ತದೆ. ಒಣಗಿದ ಮೇಲೆ ಹಿಂಡಿದ ಸ್ಪಂಜಿನಿಂದ ಹುಬ್ಬು ಒರೆಸಿದರೆ ಹುಬ್ಬು ಬರುತ್ತದೆ, ಕೆನ್ನೆ ಒರೆಸಿದರೆ ಕೆನ್ನೆ. ಪ್ರತಿ ಸಲ ಒರೆಸುವಾಗ ಸ್ಪಂಜಿನ ಬೇರೆ ಮಗ್ಗುಲು ಬಳಸಿ, ಇಲ್ಲದಿದ್ದರೆ ಒರೆಸಿದ ಕಂದು ಮತ್ತೆ ಅಲ್ಲೇ ಹತ್ತುತ್ತದೆ. ಕಣ್ಣಿನ ಗುಳಿಗೆ ಮಾತ್ರ ಕೈ ಹಾಕಬೇಡಿ. ನೆರಳು ಅಲ್ಲೇ ಇರಲಿ. ತಳದಿಂದ 3 ಮಿಲಿಮೀಟರ್ ಮೇಲಿನ ತನಕ ಗ್ಲೇಜ್ ಪೂರ್ತಿ ತೆಗೆಯಿರಿ.

ಕುಡಿಯುವ ಮುಂಚೆ ಎರಡು ಪರೀಕ್ಷೆ. ನೀರು ತುಂಬಿ ರಾತ್ರಿಯಿಡೀ ಪೇಪರಿನ ಮೇಲೆ ಇಡುತ್ತೇನೆ, ಪೇಪರ್ ಒದ್ದೆಯಾಗಿದ್ದರೆ ಆ ಮಗ್ ಪೆನ್ನು ಇಡಲಿಕ್ಕೆ. ಎರಡನೆಯದು, ಒಳಗಿನ ಗ್ಲೇಜ್ ಮೇಲೆ ಲಿಂಬೆ ಹೋಳು ಒಂದು ರಾತ್ರಿ. ಬೆಳಿಗ್ಗೆ ಅಲ್ಲಿ ಬಣ್ಣ ಬದಲಾಗಿದ್ದರೆ ಆ ಗ್ಲೇಜ್ ಕುಡಿಯುವ ಪಾತ್ರೆಗೆ ಬೇಡ. ಬದಲಾಗದಿದ್ದರೂ ಸೀಸ ಇಲ್ಲ ಅಂತ ಅದರಿಂದ ಗೊತ್ತಾಗುವುದಿಲ್ಲ, ಹಾಗಾಗಿ ಕೊಳ್ಳುವಾಗಲೇ ಆಹಾರಕ್ಕೆ ಸರಿ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ತನ್ನಿ. ಟಿಕಿ ಬಾರ್‌ಗಳ ರಮ್ ಪಾನೀಯ ಮಾಯ್ ಟಾಯ್‌ನಲ್ಲಿ ಲಿಂಬೆ ರಸ ಇರುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಜಾಸ್ತಿ ಬೀಳುವುದು ಪುನರ್ಪುಳಿ ಜ್ಯೂಸ್, ಅದೂ ಹುಳಿಯೇ.

ಈ ಅಚ್ಚಿನಿಂದ ಇದುವರೆಗೆ 31 ಮಗ್ ತೆಗೆದಿದ್ದೇನೆ. ನಾರಿನ ಗೆರೆಗಳು ಹುಬ್ಬಿನ ಹತ್ತಿರ ಸವೆಯುತ್ತಿವೆ, ಇನ್ನು ಹತ್ತು ಬಂದರೆ ಹೆಚ್ಚು. ಮೂಲ ಮಾದರಿ ಅಚ್ಚಿನಿಂದ ಬಿಡಿಸುವಾಗಲೇ ಚೂರಾಗಿತ್ತು. ಹಾಗಾಗಿ ಗೆರೆ ಇನ್ನೂ ಚೂಪಾಗಿದ್ದಾಗ ತೆಗೆದ ಏಳನೇ ಮಗ್ ಒಂದನ್ನು ಗ್ಲೇಜ್ ಹಾಕದೆ ಎತ್ತಿಟ್ಟಿದ್ದೇನೆ. ಮುಂದಿನ ಅಚ್ಚು ಅದರಿಂದಲೇ ಆಗಬೇಕು. ಆದರೆ ಅದು ಒಂದು ಸಲ ಸುಟ್ಟದ್ದು, ಆಗಲೇ ಸ್ವಲ್ಪ ಕುಗ್ಗಿದೆ, ಅದರಿಂದ ಬರುವ ಮಗ್ ಇನ್ನೂ ಚಿಕ್ಕದು. ಸುಮಾರು 400 ಮಿಲಿ ಹಿಡಿದೀತು ಅಂತ ಲೆಕ್ಕ ಹಾಕಿದ್ದೇನೆ, ಈ ಸಲ ಮೂರೂ ಕಡೆ ಗುಣಿಸಿ.