ಹೈ ಕಾಂಟ್ರಾಸ್ಟ್ ಥೀಮ್‌ನಲ್ಲಿ ಮಾಯವಾಗುತ್ತಿದ್ದ ಚಿಹ್ನೆಗಳು: ನನ್ನ ಅನುಭವ

ವಿಂಡೋಸ್ 11ರಲ್ಲಿ ಕಪ್ಪು ಹಿನ್ನೆಲೆಯ ಹೈ ಕಾಂಟ್ರಾಸ್ಟ್ ಥೀಮ್ (ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವಿನ ವ್ಯತ್ಯಾಸವನ್ನು ಹೆಚ್ಚಿಸುವ ಬಣ್ಣಗಳ ಜೋಡಣೆ) ಹಾಕಿಕೊಂಡ ಮೇಲೆ ಬ್ರೌಸರ್‌ನಲ್ಲಿ ಅಕ್ಷರಗಳು ಸ್ಪಷ್ಟವಾದವು. ಆದರೆ ಹಲವು ಪುಟಗಳಲ್ಲಿ ಹುಡುಕಾಟದ ಭೂತಗನ್ನಡಿಯ ಚಿಹ್ನೆಯೇ ಕಾಣದಾಯಿತು. ಈ ಥೀಮ್ ಪುಟದ ಹಿನ್ನೆಲೆಯ ಮತ್ತು ಅಕ್ಷರಗಳ ಬಣ್ಣವನ್ನು ಬದಲಿಸುತ್ತದೆಯೇ ಹೊರತು ಚಿತ್ರರೂಪದ ಚಿಹ್ನೆಗಳನ್ನು ಮುಟ್ಟುವುದಿಲ್ಲವಾದ್ದರಿಂದ, ಪಾರದರ್ಶಕ ಹಿನ್ನೆಲೆಯಲ್ಲಿ ಕಪ್ಪು ಗೆರೆಗಳಿಂದ ರಚಿಸಿದ ಚಿಹ್ನೆ ಕಪ್ಪಿನಲ್ಲಿಯೇ ಕರಗಿಹೋಗುತ್ತದೆ. ನೆರಳಿನಿಂದಷ್ಟೇ ಅಂಚು ತೋರಿಸುವ ಪೆಟ್ಟಿಗೆಗಳ ಗತಿಯೂ ಅದೇ, ಏಕೆಂದರೆ ಬ್ರೌಸರ್ ಆ ನೆರಳನ್ನು ತೆಗೆದುಹಾಕುತ್ತದೆ. ಪುಟ ರೂಪಿಸುವವರು ಇದನ್ನು ಒಮ್ಮೆಯಾದರೂ ಪರೀಕ್ಷಿಸಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಕಾಂಟ್ರಾಸ್ಟ್ ಥೀಮ್ಸ್ ತೆರೆದು, ತಿಳಿ ಹಿನ್ನೆಲೆಯ ‘ಡೆಸರ್ಟ್’ ಆರಿಸಿದಾಗ ಚಿಹ್ನೆಗಳು ಮತ್ತೆ ಕಾಣಿಸಿದವು. ಲಿಂಕ್‌ಗಳು ಎದ್ದು ಕಾಣಲೆಂದು ‘ಎಡಿಟ್’ ಒತ್ತಿ ಅವುಗಳ ಬಣ್ಣವನ್ನು ಕಡುನೀಲಿ ಮಾಡಿಕೊಂಡೆ. ಅಂಚಿಲ್ಲದ ಪೆಟ್ಟಿಗೆಗಳನ್ನು ಮಾತ್ರ ಈಗಲೂ ಟ್ಯಾಬ್ ಕೀಲಿ ಒತ್ತುತ್ತಲೇ ಪತ್ತೆಹಚ್ಚಬೇಕಾಗಿದೆ.