ಜಿಂಕೆ ಬೇಟೆಗೆ ಹಿಡಿದಿದ್ದ ಒಂದು ಸಣ್ಣ ರೈಫಲ್ಲು: ನನ್ನ ಅನುಭವ

ಪೆನ್ಸಿಲ್ವೇನಿಯಾದ ನಡುಭಾಗದ ಗುಡ್ಡಗಾಡಿನಲ್ಲಿ ನಾವು ಮನೆ ಕೊಂಡ ಎರಡನೆಯ ವರ್ಷ, ನೆರೆಯ ಹೊಲದ ಹಿರಿಯರೊಬ್ಬರು ತಮ್ಮ ತಂದೆಯ ವಿಂಚೆಸ್ಟರ್ ರೈಫಲ್ಲನ್ನು ನನಗೆ ಮಾರುವ ಮಾತೆತ್ತಿದರು. ಅವರ ಮಕ್ಕಳು ಊರು ಬಿಟ್ಟು ಬಹಳ ಕಾಲವಾಗಿತ್ತು. ಅದನ್ನು ಒರಸಿ ಎಣ್ಣೆ ಹಾಕುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. 1892ರ ಮಾದರಿ, ಎಂಟು ಪಟ್ಟಿಯ ಇಪ್ಪತ್ತನಾಲ್ಕು ಅಂಗುಲದ ನಳಿಗೆ, ಭುಜಕ್ಕೆ ಆನುವ ಜಾಗದಲ್ಲಿ ಅರ್ಧಚಂದ್ರದಂತೆ ಬಾಗಿದ ಉಕ್ಕಿನ ತಗಡು, .25-20 ಅಳತೆಯ ತೋಟಾ. ಅವರ ತಂದೆ ಮನೆಗೆ ಬೇಕಾದ ಜಿಂಕೆ ಮಾಂಸವನ್ನು ವರ್ಷವರ್ಷವೂ ಇದೇ ಕೋವಿಯಿಂದ ತರುತ್ತಿದ್ದರಂತೆ. ಈಗ ಇಲ್ಲಿನ ಬೇಟೆಗಾರರು ಈ ತೋಟಾವನ್ನು ಅಳಿಲಿಗೆ, ಹೆಚ್ಚೆಂದರೆ ಹೊಲ ಕೊರೆಯುವ ಗ್ರೌಂಡ್‌ಹಾಗ್ ಎಂಬ ದಂಶಕಕ್ಕೆ ಸಾಕೆನ್ನುತ್ತಾರೆಯೇ ಹೊರತು, ಜಿಂಕೆಗೆ ಇದನ್ನು ಹಿಡಿಯೆಂದು ಯಾರೂ ಹೇಳುವುದಿಲ್ಲ. ಹಾಗಿದ್ದರೆ ಹಿಂದಿನವರು ಇದರಿಂದ ಬೇಟೆಯಾಡಿದ್ದು ಹೇಗೆ ಎಂಬುದನ್ನು ಪುಸ್ತಕದಿಂದಲ್ಲದೆ ಕೋವಿಯಿಂದಲೇ ತಿಳಿಯಬೇಕೆಂದು ನಾನು ನಾಲ್ಕು ವರ್ಷ ಅದರ ಜೊತೆ ಕಳೆದೆ.

ಕೋವಿ ನನಗೆ ಹೊಸತಾಗಿರಲಿಲ್ಲ. ಕೊಡಗಿನ ನಮ್ಮ ಐನ್‌ಮನೆಯಲ್ಲಿ ಸೆಪ್ಟೆಂಬರಿನ ಕೈಲ್ ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗಳನ್ನು ಸಾಲಾಗಿಟ್ಟು, ನಳಿಗೆಯ ತುದಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವುದನ್ನು ನೋಡುತ್ತ ಬೆಳೆದವನು ನಾನು. ಆದರೆ ಬೇಟೆಯನ್ನು ನಾನು ಅಜ್ಜನ ಬಾಯಿಂದ ಕೇಳಿದ್ದೆನೇ ವಿನಾ ಕಂಡಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹುಟ್ಟಿದವರಿಗೆ ಅದು ಕಥೆಯೇ. ಪೆನ್ಸಿಲ್ವೇನಿಯಾದಲ್ಲಿ ಬೇಟೆಯ ಶಿಕ್ಷಣವನ್ನು ಮುಗಿಸಿ ಪರವಾನಗಿ ಪಡೆದಾಗ ನನಗೆ ನಲವತ್ತು ದಾಟಿತ್ತು.

ಮೊದಲು ಕೋವಿಯ ಹಿನ್ನೆಲೆಯನ್ನು ಹೇಳಬೇಕು. ಬಂದೂಕು ವಿನ್ಯಾಸಕ ಜಾನ್ ಮೋಸೆಸ್ ಬ್ರೌನಿಂಗ್ ತಾವು ದೊಡ್ಡ ತೋಟಾಗಳಿಗಾಗಿ ರೂಪಿಸಿದ್ದ 1886ರ ಮಾದರಿಯನ್ನು ಕುಗ್ಗಿಸಿ ಈ 1892ರ ಮಾದರಿಯನ್ನು ಮಾಡಿದರು. ಬೆರಳುಗಳನ್ನು ತೂರಿಸಿದ ಸನ್ನೆಯನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ, ಖಾಲಿ ಚಿಪ್ಪು ಹೊರಬಿದ್ದು, ನಳಿಗೆಯ ಕೆಳಗಿನ ಕೊಳವೆಯಿಂದ ಮುಂದಿನ ತೋಟಾ ಏರಿ ಬರುತ್ತದೆ. ಎಡಬಲದಲ್ಲಿ ನೆಟ್ಟಗೆ ಏರುವ ಎರಡು ಉಕ್ಕಿನ ಬೆಣೆಗಳು ಹಿಂಬದಿಯನ್ನು ಬಿಗಿಹಿಡಿಯುತ್ತವೆ. 1932ರ ಹೊತ್ತಿಗೆ ಇಂಥ ಹತ್ತು ಲಕ್ಷ ಕೋವಿಗಳು ತಯಾರಾಗಿದ್ದವು. ತೋಟಾದ ಹೆಸರಿನಲ್ಲಿ ಮೊದಲ ಅಂಕಿ ಗುಂಡಿನ ಅಡ್ಡಗಲವನ್ನು ಅಂಗುಲದ ನೂರನೇ ಭಾಗಗಳಲ್ಲಿಯೂ, ಎರಡನೆಯದು ಕರಿಮದ್ದಿನ ತೂಕವನ್ನು ಗ್ರೇನ್‌ಗಳಲ್ಲಿಯೂ ಹೇಳುವುದು ಹಳೆಯ ವಾಡಿಕೆ. 1882ರಲ್ಲಿ ಬಂದ .32-20 ತೋಟಾದ ಕತ್ತನ್ನು ಕಿರಿದುಗೊಳಿಸಿ 1895ರಲ್ಲಿ .25-20 ಅನ್ನು ಹೊರತಂದರು. ಅದೇ ವರ್ಷ 1894ರ ಮಾದರಿಗೆ .30-30 ಮತ್ತು .25-35 ಎಂಬ ಹೊಗೆರಹಿತ ಮದ್ದಿನ ತೋಟಾಗಳೂ ಬಂದವು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಅದರ ಪ್ರಸ್ತಾಪವಿದೆ. ನನ್ನ ಕೋವಿಯ ಸಂಖ್ಯೆಯನ್ನು ವಯೋಮಿಂಗ್‌ನ ಕೋಡಿಯಲ್ಲಿರುವ ಬಂದೂಕು ಸಂಗ್ರಹಾಲಯಕ್ಕೆ ಬರೆದು ಕಳಿಸಿದಾಗ, ವಿಂಚೆಸ್ಟರ್ ಕಂಪನಿಯ ಹಳೆಯ ದಫ್ತರಗಳನ್ನು ನೋಡಿ, ಅದು 1905ರಲ್ಲಿ ಕಾರ್ಖಾನೆಯಿಂದ ಹೊರಟದ್ದೆಂದು ಅವರು ಉತ್ತರಿಸಿದರು. ನಳಿಗೆಯಾಗಲಿ ಅಳತೆಯಾಗಲಿ ನಡುವೆ ಬದಲಾಗಿರಲಿಲ್ಲ.

ನಳಿಗೆಯ ಒಳಮೈ ಹೊಳಪು ಕಳೆದು ಕಪ್ಪಾಗಿತ್ತು. ಇದಕ್ಕೆ ಕಾರಣವನ್ನು ತಿಳಿದುಕೊಳ್ಳುವುದು ಹಳೆಯ ಕೋವಿ ಕೊಳ್ಳುವ ಎಲ್ಲರಿಗೂ ಮುಖ್ಯವೆಂದು ನನ್ನ ಅಭಿಪ್ರಾಯ. 1920ರ ದಶಕದವರೆಗೆ ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಬಳಸುತ್ತಿದ್ದರು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಒಂದು ಬಗೆಯ ಉಪ್ಪು. ಗಾಳಿಯ ತೇವವನ್ನು ಅದು ಹೀರಿಕೊಂಡು ಉಕ್ಕನ್ನು ಒಳಗಿನಿಂದಲೇ ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಕರಿಮದ್ದಿನ ಕಾಲದವರು ನಳಿಗೆಗೆ ಬಿಸಿನೀರು ಹೊಯ್ದು ತೊಳೆಯುತ್ತಿದ್ದರು. ಹೊಗೆರಹಿತ ಮದ್ದು ಬಂದ ಮೇಲೆ ಮಸಿ ಕಡಿಮೆಯಾದದ್ದರಿಂದ ನೀರು ಬೇಡವೆಂದುಕೊಂಡು ಎಣ್ಣೆ ಬಟ್ಟೆಯನ್ನಷ್ಟೇ ಎಳೆದವರ ಕೋವಿಗಳೇ ಹೆಚ್ಚು ಹಾಳಾದವು. ಅಗಲ ರಂಧ್ರದ ನಳಿಗೆಗಿಂತ ಕಿರಿದಾದ ರಂಧ್ರದ ನಳಿಗೆಗೆ ಈ ಪೆಟ್ಟು ಜೋರಾಗಿ ತಗಲುತ್ತದೆ. ಅಲ್ಲಿ ಗುಂಡನ್ನು ತಿರುಗಿಸಲು ಕೊರೆದ ಸುರುಳಿಗೆರೆಗಳೂ ಆಳವಿಲ್ಲ, ಕುಂಚವೂ ಸರಾಗವಾಗಿ ಓಡುವುದಿಲ್ಲ.

ನಾನು ಮೊದಲ ವಾರ ಕೋವಿಯ ಲೋಹದ ಭಾಗವನ್ನು ಬಿಚ್ಚಲೇ ಇಲ್ಲ. ಕೊಳವೆಯಲ್ಲಿಯೂ ನಳಿಗೆಯಲ್ಲಿಯೂ ತೋಟಾ ಉಳಿದಿಲ್ಲವೆಂದು ಎರಡು ಸಲ ನೋಡಿ, ಆಕ್ರೋಟ್ ಮರದ ಭಾಗಗಳನ್ನು ಬೇರ್ಪಡಿಸಿ, ಲೋಹದ ಭಾಗವನ್ನು ಸೀಮೆಎಣ್ಣೆಯಲ್ಲಿ ಮೂರು ದಿನ ನೆನೆಹಾಕಿದೆ. ನೂರು ವರ್ಷದ ಗ್ರೀಸು ಅರಗಿನಂತೆ ಗಟ್ಟಿಯಾಗಿರುತ್ತದೆ. ಅವಸರಪಟ್ಟು ತಿರುಪು ತಿರುಗಿಸಿದರೆ ತಿರುಪಿನ ತಲೆಯ ಸೀಳು ಕಿತ್ತುಬರುತ್ತದೆ. ಸಾಮಾನ್ಯ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ ಇಳಿಜಾರಾಗಿರುವುದರಿಂದ ಸೀಳಿನ ಮೇಲಂಚನ್ನು ಮಾತ್ರ ಹಿಡಿಯುತ್ತದೆ. ಅದಕ್ಕೆ ಎರಡೂ ಬದಿ ಸಮನಾಗಿ ಅರೆದ ತುದಿಗಳು ಬೇಕು, ಪ್ರತಿ ತಿರುಪಿಗೂ ಅಗಲ ಹೊಂದಿಸಬೇಕು. ಇಷ್ಟು ಎಚ್ಚರ ವಹಿಸಿಯೂ ನಾನೊಂದು ತಪ್ಪು ಮಾಡಿದೆ. ಬಲಬದಿಯ ತುಕ್ಕನ್ನು ಉಕ್ಕಿನ ನಾರಿನಿಂದ ತಿಕ್ಕುವಾಗ ತುಕ್ಕಿನ ಜೊತೆಗೆ ಅಂಚಿನ ಮೂಲ ನೀಲಿ ಲೇಪವೂ ಒಂದು ಬೆರಳಗಲ ಹೋಯಿತು. ಕಂಚಿನ ನಾರಿಗೆ ಎಣ್ಣೆ ಸವರಿ ನಿಧಾನವಾಗಿ ತಿಕ್ಕಿದ್ದರೆ ಅದು ಉಳಿಯುತ್ತಿತ್ತು. ಆ ಜಾಗಕ್ಕೆ ನಾನು ಹೊಸ ಬಣ್ಣ ಹಾಕಿಲ್ಲ. ಒಮ್ಮೆ ಹೋದ ಹಳೆಯ ಲೇಪವನ್ನು ಮರಳಿ ತರಲು ಯಾರಿಂದಲೂ ಆಗುವುದಿಲ್ಲ, ಇದ್ದಂತೆ ತೋರಿಸುವುದು ನನಗೆ ಒಪ್ಪಿತವೂ ಅಲ್ಲ. ಮರಕ್ಕೂ ಉಪ್ಪುಕಾಗದ ಮುಟ್ಟಿಸಲಿಲ್ಲ. ಬೆರಳಿನಿಂದ ಅಗಸೆಎಣ್ಣೆ ತಿಕ್ಕಿ ಒಣಗಿಸಿದೆ, ಅಷ್ಟೇ.

ಈ ಮಾದರಿಯ ಸನ್ನೆಯ ಕೋವಿಗಳಲ್ಲಿ ನಳಿಗೆಯನ್ನು ಹಿಂದಿನಿಂದ ಶುಚಿ ಮಾಡುವಂತಿಲ್ಲ, ಕಡ್ಡಿಯನ್ನು ಬಾಯಿಯಿಂದಲೇ ತೂರಿಸಬೇಕು. ಹಾಗೆ ತೂರಿಸಿದ ಕಡ್ಡಿ ವರ್ಷಾನುಗಟ್ಟಲೆ ಉಜ್ಜಿ ನಳಿಗೆಯ ಬಾಯಂಚನ್ನು ಸವೆಸುತ್ತದೆ. ಗುಂಡು ಕೊನೆಯದಾಗಿ ಮುಟ್ಟುವುದು ಆ ಅಂಚನ್ನೇ ಆದ್ದರಿಂದ ಅದು ಓರೆಯಾದರೆ ಗುರಿ ನಿಲ್ಲುವುದಿಲ್ಲ. ಕಡ್ಡಿಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಪೋಣಿಸಿ, ಅದನ್ನು ಬಾಯಿಗೆ ಕೂರಿಸಿಕೊಂಡು ಕೆಲಸ ಮಾಡಿದೆ. ಆಮೇಲೆ ಮೆತ್ತನೆಯ ಸೀಸದ ಉಂಡೆಯನ್ನು ನಳಿಗೆಯುದ್ದಕ್ಕೂ ದೂಡಿ ಹೊರತೆಗೆದು, ಮೈಕ್ರೋಮೀಟರಿನಲ್ಲಿ ಅಳೆದರೆ ಗೆರೆಯ ಆಳದಲ್ಲಿ 0.258 ಅಂಗುಲ ಬಂತು. ತೋಟಾ ಕೂರುವ ಮನೆಯ ಅಚ್ಚನ್ನು ಸೆರೋಸೇಫ್ ಎಂಬ, ಕುದಿಯುವ ನೀರಿಗಿಂತ ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹದಿಂದ ತೆಗೆದೆ. ಅದು ಮೊದಲು ಕುಗ್ಗಿ ಆಮೇಲೆ ಹಿಗ್ಗುತ್ತ ಬಂದು, ಒಂದು ಗಂಟೆಯ ಹೊತ್ತಿಗೆ ಮನೆಯ ನಿಜವಾದ ಅಳತೆಗೆ ನಿಲ್ಲುತ್ತದೆ. ಮುಂಚೆ ಅಳೆದರೆ ತಪ್ಪು ಅಂಕಿ ಬರುತ್ತದೆ. ಕೊನೆಗೆ, ಬೀಗದ ಬೆಣೆಗಳು ಬಿಗಿಯಾಗಿವೆಯೇ ಎಂದು ಅನುಭವಿ ಗನ್‌ಸ್ಮಿತ್ ಒಬ್ಬರಿಂದ ನೋಡಿಸಿದೆ. ಈ ಪರೀಕ್ಷೆಯಾಗದೆ ಹಳೆಯ ಕೋವಿಗೆ ತೋಟಾ ತುಂಬಬಾರದು.

ತೋಟಾ ಸಿಗುವುದೇ ಕಷ್ಟವಾಯಿತು. .32-20 ಚಿಪ್ಪುಗಳನ್ನು ಅಚ್ಚಿಗೆ ಕೊಟ್ಟು ಕತ್ತನ್ನು ಕಿರಿದುಗೊಳಿಸಿದರೆ .25-20 ಆಗುತ್ತದೆ; 1895ರಲ್ಲಿ ನಡೆದದ್ದೂ ಅದೇ. ಈ ಚಿಪ್ಪಿನ ತಗಡು ತೀರ ತೆಳು, ಕೈ ಸ್ವಲ್ಪ ಬಿಗಿಯಾದರೂ ಭುಜದ ಬಳಿ ನೆರಿಗೆ ಬೀಳುತ್ತದೆ. ಮೊದಲ ಐವತ್ತರಲ್ಲಿ ಒಂಬತ್ತನ್ನು ಎಸೆದೆ. ಗುಂಡಿನ ಮೂತಿ ಚಪ್ಪಟೆಯಾಗಿರಲೇಬೇಕು. ಕೊಳವೆಯೊಳಗೆ ಒಂದು ತೋಟಾದ ಮೂತಿ ಮುಂದಿನ ತೋಟಾದ ಕೇಪಿಗೆ ತಗುಲಿಕೊಂಡಿರುತ್ತದೆ, ಚೂಪಾದ ಮೂತಿಯಿದ್ದರೆ ಹೊಡೆತದ ಅದುರಿಗೆ ಕೇಪು ಸಿಡಿಯಬಹುದು.

ಗುರಿಕಟ್ಟೆಯಲ್ಲಿ ಎರಡು ಬೇಸಿಗೆ ಕಳೆದವು. 86 ಗ್ರೇನ್ ತೂಕದ, ಅಂದರೆ ಸುಮಾರು ಐದೂವರೆ ಗ್ರಾಂ ತೂಗುವ ಗುಂಡು ಸೆಕೆಂಡಿಗೆ ಸುಮಾರು 1,400 ಅಡಿ ವೇಗದಲ್ಲಿ ಹೊರಟಿತು. ತಾಮ್ರದ ಹೊದಿಕೆಯ ಗುಂಡುಗಳು ಐವತ್ತು ಗಜದಲ್ಲಿ ಅಂಗೈಯಷ್ಟು ಜಾಗಕ್ಕೆ ಚದುರಿದವು. ಗೆರೆಯ ಆಳಕ್ಕಿಂತ ಒಂದು ಸಾವಿರಾಂಶ ಅಂಗುಲ ದಪ್ಪವಿರುವ ಎರಕದ ಸೀಸದ ಗುಂಡುಗಳನ್ನು ಹಾಕಿದ ಮೇಲೆ, ಗುಳಿಬಿದ್ದ ನಳಿಗೆಯಲ್ಲಿಯೂ ಅವು ಅನಿಲವನ್ನು ಸೋರಗೊಡದೆ ಗೆರೆ ಹಿಡಿದವು, ಐದು ಗುಂಡುಗಳು ಎರಡು ಅಂಗುಲದೊಳಗೆ ಬಿದ್ದವು. ಐವತ್ತು ಗಜಕ್ಕೆ ಹೊಂದಿಸಿದ ಗುರಿಯಿಂದಲೇ ನೂರು ಗಜಕ್ಕೆ ಹೊಡೆದರೆ ಗುಂಡು ಐದು ಅಂಗುಲಕ್ಕೂ ಹೆಚ್ಚು ಕೆಳಗಿಳಿಯಿತು. ನಳಿಗೆಯ ತುದಿಯ ಹಳೆಯ ಗುರಿಮಣಿಯೊಂದೇ ಆ ದೂರದಲ್ಲಿ ಜಿಂಕೆಯ ಎದೆಯ ಬಹುಭಾಗವನ್ನು ಮರೆಮಾಡುತ್ತದೆ. ನಳಿಗೆಯ ಬಾಯಲ್ಲಿ ಈ ಗುಂಡಿನ ಬಲ ನಾನೂರು ಅಡಿ-ಪೌಂಡಿನ ಆಸುಪಾಸು; .25-35ರ 117 ಗ್ರೇನ್ ಗುಂಡಿನದು ಅದರ ಮೂರು ಪಟ್ಟಿಗೂ ಹೆಚ್ಚು.

ಹೀಗಿದ್ದೂ ಈ ಸಣ್ಣ ತೋಟಾಕ್ಕೆ ದೊಡ್ಡ ಹೆಸರೊಂದಿದೆ. 1914ರ ನವೆಂಬರಿನಲ್ಲಿ ವಿಸ್ಕಾನ್ಸಿನ್‌ನ ಡ್ಯಾನ್‌ಬರಿಯ ಬಳಿ ಜೇಮ್ಸ್ ಜೋರ್ಡನ್ ಎಂಬ ಯುವಕ ಹೊಡೆದ ಬಿಳಿಬಾಲದ ಜಿಂಕೆಯ ಕೊಂಬುಗಳು ಮುಂದೆ ವಿಶ್ವದಾಖಲೆಯಾಗಿ, 1993ರವರೆಗೆ ಆ ಸ್ಥಾನದಲ್ಲಿದ್ದವು. ಅವನ ಕೈಯಲ್ಲಿದ್ದದ್ದು .25-20 ವಿಂಚೆಸ್ಟರ್. ಆ ಕೊಂಬುಗಳನ್ನು ಬೇಟೆಯ ತಲೆಗಳನ್ನು ಅಲಂಕಾರಕ್ಕೆ ಸಿದ್ಧಪಡಿಸುವ ಕಸುಬಿನವನಿಗೆ ಕೊಟ್ಟು ಕಳೆದುಕೊಂಡ ಜೋರ್ಡನ್ ಹೆಸರು ದಾಖಲೆಗೆ ಸೇರಿದ್ದು 1978ರಲ್ಲಿ, ಆತ ತೀರಿಕೊಂಡ ಮೇಲೆ. ಸಣ್ಣ ತೋಟಾದ ಪರವಾಗಿ ವಾದಿಸುವವರು ಈ ಘಟನೆಯನ್ನು ಮತ್ತೆ ಮತ್ತೆ ಎತ್ತುತ್ತಾರೆ. ಆದರೆ ಆ ಜಿಂಕೆ ಒಂದೇ ಈಡಿಗೆ ಬೀಳಲಿಲ್ಲ. ಹಲವು ಗುಂಡು ಹಾರಿಸಿದ ಮೇಲೆ, ಗಾಯಗೊಂಡ ಪ್ರಾಣಿಯ ಜಾಡು ಹಿಡಿದು ಯೆಲ್ಲೊ ನದಿಯವರೆಗೆ ಹಿಂಬಾಲಿಸಿ ಆತ ಅದನ್ನು ಮುಗಿಸಬೇಕಾಯಿತು. ಹಿಮದ ಮೇಲೆ ಜಾಡು ಕಾಣದಿದ್ದರೆ ಆ ಪ್ರಾಣಿ ಕಾಡಿನಲ್ಲೆಲ್ಲೋ ನರಳಿ ಸಾಯುತ್ತಿತ್ತು. ಅಂಥ ಎಷ್ಟು ಜಿಂಕೆಗಳು ಸತ್ತವೆಂಬುದನ್ನು ಯಾರೂ ಬರೆದಿಡಲಿಲ್ಲ.

ನೆರೆಯ ಹಿರಿಯರನ್ನು ವಿಚಾರಿಸಿದಾಗ ನನಗೆ ಇನ್ನೊಂದು ಮುಖ ತಿಳಿಯಿತು. ಅವರ ತಂದೆ ಮನೆಯಿಂದ ಹೊರಡುವಾಗ ಎಣಿಸಿ ಮೂರು ತೋಟಾ ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ತಮ್ಮ ಹೊಲದ ಅಂಚಿನ ಸೇಬಿನ ಮರಗಳ ಬಳಿ, ಜಿಂಕೆ ನಿತ್ಯ ಹಾದುಹೋಗುವ ದಾರಿಯಲ್ಲಿ ಕೂತು, ಅದು ಇಪ್ಪತ್ತು ಇಪ್ಪತ್ತೈದು ಹೆಜ್ಜೆಗೆ ಬಂದು ತಲೆ ತಗ್ಗಿಸುವವರೆಗೆ ಕಾಯುತ್ತಿದ್ದರು; ಓಡುವ ಜಿಂಕೆಗೆ ಎಂದೂ ಹೊಡೆಯುತ್ತಿರಲಿಲ್ಲ. ಅಷ್ಟು ಹತ್ತಿರದಲ್ಲಿ ಐದೂವರೆ ಗ್ರಾಂ ಸೀಸ ಸಾಕಾಗುತ್ತಿತ್ತು. ಅಳಿಲು, ಹಂದಿ, ಜಿಂಕೆ ಎಲ್ಲಕ್ಕೂ ಒಂದೇ ಕೋವಿ ಇದ್ದ ಮನೆಗಳವು. ನಾನು ವಾರಾಂತ್ಯದಲ್ಲಿ ಸರ್ಕಾರಿ ಕಾಡಿಗೆ ಹೋಗುವವನು. ಅಲ್ಲಿನ ಜಿಂಕೆಯ ದಾರಿ ನನಗೆ ಆ ಮನುಷ್ಯನಷ್ಟು ಗೊತ್ತಿಲ್ಲ, ಕಾಯುವ ದಿನಗಳೂ ಅಷ್ಟಿಲ್ಲ. ಪೆನ್ಸಿಲ್ವೇನಿಯಾದ ಕಾನೂನು ಜಿಂಕೆಗೆ .25-20 ಅನ್ನು ನಿಷೇಧಿಸಿಲ್ಲವಾದರೂ ನಾನು ಅದನ್ನು ಜಿಂಕೆಯ ಮೇಲೆ ಎತ್ತಬಾರದೆಂದು ಆಗ ನಿರ್ಧರಿಸಿದೆ.

ನಾಲ್ಕನೆಯ ವರ್ಷ ಗೆಳೆಯರೊಬ್ಬರಿಂದ 1894ರ ಮಾದರಿಯ .25-35 ಕೋವಿಯನ್ನು ಕೊಂಡೆ. ಇದೂ ಸಣ್ಣ ಅಳತೆಯೇ, ಗುಂಡಿನ ಅಡ್ಡಗಲ ಹೆಚ್ಚುಕಡಿಮೆ ಅಷ್ಟೇ. ಆದರೆ ಉದ್ದನೆಯ ಭಾರದ ಗುಂಡು, ಅದನ್ನು ನೆಟ್ಟಗೆ ತಿರುಗಿಸಲು ಎಂಟು ಅಂಗುಲಕ್ಕೊಂದು ಸುತ್ತು ಹಾಕುವ ಗೆರೆಗಳು. ಹೆಗಲಿಗೆ ಒದೆ ಬಹಳ ಕಡಿಮೆ. ಡಿಸೆಂಬರಿನ ಮೊದಲ ವಾರ, ಬೆಳಕು ಹರಿದು ಒಂದು ಗಂಟೆಯಾದ ಮೇಲೆ, ಓಕ್ ಮರಗಳ ನಡುವೆ ಒಂಟಿ ಹೆಣ್ಣು ಜಿಂಕೆಯೊಂದು ಅಡ್ಡವಾಗಿ ನಿಂತಿತು. ಮುಂಗಾಲಿನ ಹಿಂದೆ ಗುರಿಯಿಟ್ಟು ಒಂದೇ ಈಡು ಹೊಡೆದೆ. ಅದು ನಲವತ್ತು ಹೆಜ್ಜೆ ಓಡಿ ಬಿತ್ತು. ಎರಡೂ ಶ್ವಾಸಕೋಶಗಳನ್ನು ತೂರಿದ ಗುಂಡು ಆಚೆ ಬದಿಯ ಚರ್ಮದ ಕೆಳಗೆ ಸಿಕ್ಕಿತು. ನಾನು ಅದರ ಪಕ್ಕ ಮಂಡಿಯೂರಿ ಕೂತು ಬಹಳ ಹೊತ್ತು ಏಳಲಿಲ್ಲ.

ಊರಿನಿಂದ ತಂದಿಟ್ಟಿದ್ದ ಕಾಚಂಪುಳಿ ಎಂಬ ಹುಳಿರಸ ಹಾಕಿ ಮಾಂಸ ಬೇಯಿಸಿ, ಒಂದು ಪಾಲನ್ನು ನೆರೆಯ ಹಿರಿಯರಿಗೆ ಕೊಂಡುಹೋದೆ. ಎಷ್ಟು ತೋಟಾ ಖರ್ಚಾಯಿತೆಂದು ಅವರು ಮೊದಲು ಕೇಳಿದರು. ಒಂದೇ ಎಂದೆ. ಎಷ್ಟು ದೂರದಿಂದ ಎಂದು ಕೇಳಿದಾಗ, ಅವರ ಜಗಲಿಯಿಂದ ಕಾಣುವ ಕೊಟ್ಟಿಗೆಯ ಬಾಗಿಲನ್ನು ತೋರಿಸಿದೆ, ಐವತ್ತೈದು ಹೆಜ್ಜೆಯಿರಬಹುದು. ಅವರು ಆ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ, "ನಮ್ಮ ತಂದೆಯಾಗಿದ್ದರೆ ಇನ್ನೂ ಕಾಯುತ್ತಿದ್ದರು" ಎಂದರು.