ಆರು ಸಿಲಿಂಡರ್ ಪಿಕಪ್‌ಗೆ ಹೆಡರ್ ಕೂರಿಸಿದ್ದು: ಅರ್ಧ ಮಿಲಿಮೀಟರ್ ಕೊಟ್ಟ ಕಾಟ

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಹೊಲಿಗೆ ಮಷೀನ್ ಓಡಿಸಿದ ಹಾಗೆ ಸದ್ದು. ಟಿಕ್ ಟಿಕ್ ಟಿಕ್. ಇಂಜಿನ್ ಬಿಸಿಯಾದ ಮೇಲೆ ಸದ್ದು ಮಾಯ. ವಾಲ್ವ್ ಸದ್ದಿರಬೇಕು ಅಂದುಕೊಂಡು ತುಂಬಾ ದಿನ ಸುಮ್ನಿದ್ದೆ. ಒಂದಿನ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್ ಹೊಗೆ ಒಟ್ಟುಮಾಡಿ ಸೈಲೆನ್ಸರ್ ಪೈಪಿಗೆ ಬಿಡುವ ಭಾಗ) ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ, ಅದರ ಸುತ್ತ ಕಪ್ಪು ಮಸಿ. ಎರಕದ ಕಬ್ಬಿಣ ಬಿರುಕು ಬಿಟ್ಟಿತ್ತು. ತಣ್ಣಗಿದ್ದಾಗ ಬಿರುಕು ಬಾಯಿ ತೆರೆಯುತ್ತೆ, ಕಾದು ಹಿಗ್ಗಿದಾಗ ಮುಚ್ಚಿಕೊಳ್ಳುತ್ತೆ. ಅದಕ್ಕೇ ಸದ್ದು ಬೆಳಗ್ಗೆ ಮಾತ್ರ.

ಗಾಡಿ ಹಳೇ ಫೋರ್ಡ್ ಎಫ್-150. ಒಳಗಿರೋದು 300 ಕ್ಯೂಬಿಕ್ ಇಂಚಿನ, ಅಂದರೆ 4.9 ಲೀಟರಿನ ಸ್ಟ್ರೇಟ್ ಸಿಕ್ಸ್, ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿ. ಈ ಇಂಜಿನ್ 1965ರಿಂದ 1996ರವರೆಗೆ ಬಂತು. ಟೈಮಿಂಗ್‌ಗೆ ಚೈನ್ ಇಲ್ಲ, ಗೇರ್. ಕ್ರ್ಯಾಂಕ್‌ಗೆ ಏಳು ಮೇನ್ ಬೇರಿಂಗ್. ಎಷ್ಟು ದುಡಿಸಿದರೂ ಸುಸ್ತಾಗದ ಜಾತಿ. ನನ್ನದು ಕಾರ್ಬುರೇಟರ್ ಮಾಡೆಲ್. ಮ್ಯಾನಿಫೋಲ್ಡ್ ಹೇಗೂ ಬದಲಿಸಬೇಕು, ಅದರ ಜಾಗಕ್ಕೆ ಹೆಡರ್, ಅಂದರೆ ಸಿಲಿಂಡರಿಗೊಂದು ಬೇರೆ ಕೊಳವೆ ಇರುವ ಮ್ಯಾನಿಫೋಲ್ಡ್, ಯಾಕೆ ಹಾಕಬಾರದು ಅಂತ ಆಸೆ ಹುಟ್ಟಿತು. 1987ರ ನಂತರದ ಇಂಜೆಕ್ಷನ್ ಮಾಡೆಲ್‌ಗಳಲ್ಲಿ ಕಂಪನಿಯೇ ಎರಡು ತುಂಡಿನ ಮ್ಯಾನಿಫೋಲ್ಡ್ ಕೊಡುತ್ತಿತ್ತು. ಅದನ್ನೇ ಹುಡುಕಿ ಹಾಕಿಕೊಳ್ಳುವವರೂ ಇದ್ದಾರೆ. ಅವರು ನನಗಿಂತ ಬುದ್ಧಿವಂತರು, ಬಿಡಿ.

ಹೆಡರ್‌ನಲ್ಲಿ ಮುಂದಿನ ಮೂರು ಸಿಲಿಂಡರ್ ಒಂದು ಪೈಪಿಗೆ, ಹಿಂದಿನ ಮೂರು ಇನ್ನೊಂದು ಪೈಪಿಗೆ ಸೇರುತ್ತವೆ. ಇದಕ್ಕೆ ಕಾರಣ ಇದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್ ಉರಿಯುವ ಸರದಿ, 1-5-3-6-2-4. ಒಂದು ಸಲ ಮುಂದಿನ ಗುಂಪು, ಒಂದು ಸಲ ಹಿಂದಿನ ಗುಂಪು. ಹಾಗಾಗಿ ಒಂದೊಂದು ಪೈಪಿನಲ್ಲೂ ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗೊಮ್ಮೆ ಹೊಗೆ ಬರುತ್ತೆ. ಒಬ್ಬರ ಹೊಗೆ ಇನ್ನೊಬ್ಬರ ಬಾಗಿಲಿಗೆ ಬಡಿಯೋದಿಲ್ಲ.

ಬಿಚ್ಚೋದು ಅರ್ಧ ಕೆಲಸ. ಮೂರು ಸಂಜೆ ಬೋಲ್ಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ವ್ಯಾಕ್ಯೂಮ್ ಹೋಸ್‌ಗಳಿಗೆ ಟೇಪ್ ಸುತ್ತಿ ನಂಬರ್ ಬರೆದೆ. ಫೋಟೋ ತೆಗೆದರೆ ಸಾಕು ಅನ್ನುವವರ ಮಾತು ಕೇಳಬೇಡಿ, ಫೋಟೋದಲ್ಲಿ ಎಲ್ಲ ಹೋಸೂ ಕಪ್ಪೇ. ಬ್ಯಾಟರಿ ಬಿಚ್ಚಿ, ಕಾರ್ಬುರೇಟರ್ ಎತ್ತಿಟ್ಟು, ಅದು ಕೂತಿದ್ದ ಜಾಗದ ಬಾಯಿಗೆ ಬಟ್ಟೆ ತುರುಕಿದೆ. ಆಮೇಲೆ ಬೋಲ್ಟ್‌ಗಳು.

ಕೊನೆಯದೊಂದು ಬಿಟ್ಟು ಎಲ್ಲ ಬಂದವು. ಆ ಒಂದು ಮೊದಲು ಜಗ್ಗಲಿಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಮೆತ್ತಗೆ ತಿರುಗಲು ಶುರುವಾಯ್ತು. ಬಂತು ಅಂತ ಖುಷಿಪಟ್ಟೆ. ತುಕ್ಕು ಬಿಟ್ಟರೆ ಕಿರ್ರ್ ಅಂತ ಸದ್ದು ಬರಬೇಕು. ಸದ್ದಿಲ್ಲದೆ ಜೇಡಿಮಣ್ಣಿನ ಹಾಗೆ ತಿರುಗಿದರೆ ಬೋಲ್ಟ್ ಒಳಗೇ ತಿರುಚಿಕೊಳ್ಳುತ್ತಿದೆ ಅಂತ ಅರ್ಥ. ಅಲ್ಲೇ ನಿಲ್ಲಿಸಿದ್ದರೆ ಉಳಿಯುತ್ತಿತ್ತೇನೋ. ಇನ್ನು ಕಾಲು ಸುತ್ತು ತಿರುಗಿಸಿದೆ, ತಲೆ ಕೈಗೆ ಬಂತು.

ವೆಲ್ಡಿಂಗ್ ಗೊತ್ತಿರುವ ಗೆಳೆಯನನ್ನು ಕರೆದೆ. ಬಂದವನೇ ಬಗ್ಗಿ ನೋಡಿ, "ಡ್ರಿಲ್ ಮುಟ್ಟಿಲ್ಲ ತಾನೇ?" ಅಂದ. ಇಲ್ಲ ಅಂದೆ. "ಹಾಗಾದ್ರೆ ಬಚಾವಾದೆ ಮಾರಾಯ." ಹೊರಗೆ ಉಳಿದಿದ್ದ ಮೋಟು ತುದಿಯ ಮೇಲೆ ನಟ್ ಇಟ್ಟು ನಡುವೆ ವೆಲ್ಡ್ ತುಂಬಿದ. ಕೆಂಪು ಇಳಿಯುವವರೆಗೂ ಕಾದ. ಆಮೇಲೆ ಬಿಚ್ಚೋದಕ್ಕೆ ಹೋಗಲಿಲ್ಲ, ಮೊದಲು ಒಂಚೂರು ಬಿಗಿ ಮಾಡಿದ, ಆಮೇಲೆ ಒಂಚೂರು ಸಡಿಲ. ಹಿಂದೆ, ಮುಂದೆ, ಹಿಂದೆ, ಮುಂದೆ. ಹತ್ತು ನಿಮಿಷಕ್ಕೆ ತುಂಡು ಹೊರಗೆ ಬಂತು.

ಇಂಜಿನ್ ಹೆಡ್ ಮೇಲಿನ, ಸೋರಿಕೆ ತಡೆಯುವ ಹಳೇ ಗ್ಯಾಸ್ಕೆಟ್ ಕೆರೆದು, ಬೋಲ್ಟ್ ತೂತುಗಳಲ್ಲಿ ಮರೆ ಸಾಫ್ ಮಾಡುವ ಟ್ಯಾಪ್ ಓಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಹೆಡರ್ ಕೂರಿಸಿದೆ. ಎಲ್ಲ ಬೋಲ್ಟ್ ಮೊದಲು ಕೈಯಲ್ಲಿ, ಆಮೇಲೆ ನಡುವಿನಿಂದ ಎರಡೂ ತುದಿಗೆ ಸ್ವಲ್ಪ ಸ್ವಲ್ಪವೇ ಬಿಗಿ. ಸ್ಟಾರ್ಟ್ ಮಾಡಿದೆ. ಹೊಸ ಪೈಪಿನ ಮೇಲಿದ್ದ ಎಣ್ಣೆ ಸುಟ್ಟು ಹೊಗೆ ಎದ್ದಿತು, ಅದು ಎಲ್ಲರಿಗೂ ಆಗೋದೇ. ಬಯಲಲ್ಲಿ ನಿಲ್ಲಿಸಿ ಮಾಡಿದರೆ ಸಾಕು. ಹೊಗೆ ಇಳಿದ ಮೇಲೆ ಕೇಳಿಸಿದ್ದು ಅದೇ ಹಳೇ ಸದ್ದು. ಟಿಕ್ ಟಿಕ್ ಟಿಕ್.

ಒಂದು ಉದ್ದನೆಯ ರಬ್ಬರ್ ಹೋಸ್ ತಗೊಂಡು, ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಫ್ಲಾಂಜ್ (ಹೆಡ್ ಮೇಲೆ ಕೂರುವ ಹೆಡರಿನ ಚಪ್ಪಟೆ ಅಂಚು) ಉದ್ದಕ್ಕೂ ಸರಿಸಿದೆ. ನಾಲ್ಕನೇ ಸಿಲಿಂಡರ್ ಹತ್ತಿರ ಕಿವಿಗೆ ಹೊಡೆದ ಹಾಗಾಯ್ತು. ಬೋಲ್ಟ್ ಇನ್ನಷ್ಟು ಬಿಗಿ ಮಾಡಿದೆ. ಏನೂ ಬದಲಾಗಲಿಲ್ಲ. ಗ್ಯಾಸ್ಕೆಟ್ ಕೆಟ್ಟದ್ದು ಅಂತ ಇನ್ನೊಂದು ತಂದೆ. ಮತ್ತೆ ಎಲ್ಲ ಬಿಚ್ಚಿ ಹಾಕಿದೆ. ಮತ್ತೆ ಅದೇ.

ಮೂರನೇ ಸಲ ಬಿಚ್ಚುವ ಮೊದಲು ಒಂದು ಗಂಟೆ ಸುಮ್ನೆ ಕೂತು ನೋಡಿದೆ. ಈ ಇಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್, ಅಂದರೆ ಗಾಳಿ-ಪೆಟ್ರೋಲ್ ಒಳಗೆ ಹೋಗುವ ಮ್ಯಾನಿಫೋಲ್ಡ್ ಮತ್ತು ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡ್, ಎರಡೂ ಒಂದೇ ಮಗ್ಗುಲಲ್ಲಿವೆ. ಹಲವು ಬೋಲ್ಟ್‌ಗಳು ಎರಡಕ್ಕೂ ಸೇರಿದವು. ಒಂದು ಬೋಲ್ಟ್, ಅದರಡಿ ದಪ್ಪನೆಯ ಅಗಲ ವಾಷರ್. ವಾಷರಿನ ಅರ್ಧ ಇನ್‌ಟೇಕ್ ಫ್ಲಾಂಜ್ ಮೇಲೆ, ಇನ್ನರ್ಧ ಎಕ್ಸಾಸ್ಟ್ ಫ್ಲಾಂಜ್ ಮೇಲೆ. ಇಬ್ಬರು ಒಂದೇ ಕಂಬಳಿ ಹೊದ್ದ ಹಾಗೆ. ಎರಡರ ದಪ್ಪ ಸಮ ಇದ್ದರೆ ಸರಿ. ಇಲ್ಲದಿದ್ದರೆ ದಪ್ಪ ಇರುವವನ ಮೇಲೆ ವಾಷರ್ ಕೂರುತ್ತೆ, ತೆಳ್ಳಗಿರುವವನನ್ನು ಮುಟ್ಟೋದೇ ಇಲ್ಲ.

ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದೆ. ಹೆಡರ್ ಫ್ಲಾಂಜ್ ಇನ್‌ಟೇಕ್‌ಗಿಂತ ಅರ್ಧ ಮಿಲಿಮೀಟರ್ ತೆಳ್ಳಗಿತ್ತು. ನಾನು ಬಿಗಿ ಮಾಡಿದಷ್ಟೂ ಇನ್‌ಟೇಕ್ ಮಾತ್ರ ಬಿಗಿಯಾಗುತ್ತಿತ್ತು. ಹೆಡರ್ ಸಡಿಲವಾಗಿ ತೂಗುತ್ತಿತ್ತು. ಎರಡು ವಾರಾಂತ್ಯ, ಎರಡು ಗ್ಯಾಸ್ಕೆಟ್ ಇದಕ್ಕೆ ಹೋಗಿದ್ದು.

ಪರಿಹಾರ ತಲೆನೋವಿನದ್ದೇನಲ್ಲ, ಬೇಜಾರಿನದ್ದು. ದಪ್ಪ ವಾಷರ್ ತಂದು, ಒಂದೊಂದರಲ್ಲೂ ಇನ್‌ಟೇಕ್ ಕಡೆಯ ಅರ್ಧವನ್ನು ಅರದಲ್ಲಿ ಉಜ್ಜಿ ಅರ್ಧ ಮಿಲಿಮೀಟರ್ ಮೆಟ್ಟಿಲು ಮಾಡಿದೆ. ಒಂದೊಂದು ಜಾಗದಲ್ಲೂ ಅಳತೆ ಚೂರು ಬೇರೆ. ಹಾಗಾಗಿ ವಾಷರಿಗೂ ನಂಬರ್ ಬರೆದೆ. ಬಿಗಿ ಮಾಡುವಾಗ ವಾಷರ್ ಬೋಲ್ಟ್ ಜೊತೆ ತಿರುಗಿ ಮೆಟ್ಟಿಲು ತಪ್ಪು ಕಡೆ ಹೋಗುತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ಹಿಡಿದೇ ಬಿಗಿ ಮಾಡಬೇಕು. ತೆಳ್ಳನೆ ವಾಷರ್ ಹಾಕೋಣ ಅನ್ನಬೇಡಿ, ಅದು ಬಟ್ಟಲಿನ ಹಾಗೆ ಬಗ್ಗುತ್ತೆ. ಮಾರನೇ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಇರಲಿಲ್ಲ.

ಆದರೆ ಹೊಸ ತರಲೆ ಶುರುವಾಯ್ತು. ತಣ್ಣನೆ ಬೆಳಗ್ಗೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಗ್ಗರಿಸೋದು. ಬಾನೆಟ್ ಎತ್ತಿ ನೋಡಿದರೆ ಇನ್‌ಟೇಕ್ ಹೊಟ್ಟೆ ಮೇಲೆ ನೀರಿನ ಹನಿ, ಮುಟ್ಟಿದರೆ ಕೊರೆಯುತ್ತಿದೆ. ಹಳೇ ಮ್ಯಾನಿಫೋಲ್ಡ್ ಇನ್‌ಟೇಕ್‌ನ ತಳಕ್ಕೆ ಅಂಟಿಕೊಂಡು ಅದನ್ನು ಬಿಸಿ ಮಾಡುತ್ತಿತ್ತು. ಪೆಟ್ರೋಲ್ ಆವಿಯಾಗಲು ಆ ಬಿಸಿ ಬೇಕು. ಹೆಡರ್‌ನಲ್ಲಿ ಆ ವ್ಯವಸ್ಥೆ ಇಲ್ಲ. ಇನ್‌ಟೇಕ್ ತಳಕ್ಕೆ ಒಂದು ತಟ್ಟೆ ಕೂರಿಸಿ, ಹೀಟರ್ ಹೋಸ್‌ನಿಂದ ಕವಲು ತೆಗೆದು ಬಿಸಿ ಕೂಲೆಂಟ್ ಹರಿಯುವ ಹಾಗೆ ಮಾಡಿದೆ. ಆಟೋ ಚೋಕ್‌ಗೆ ಬಿಸಿಗಾಳಿ ಬರುತ್ತಿದ್ದದ್ದೂ ಹಳೇ ಮ್ಯಾನಿಫೋಲ್ಡ್‌ನಿಂದಲೇ. ಅದಕ್ಕೆ ಎಲೆಕ್ಟ್ರಿಕ್ ಚೋಕ್ ಹಾಕಿದೆ. ಹೆಡರ್ ಕೊಳ್ಳುವಾಗ ಇದನ್ನೆಲ್ಲ ಯಾರೂ ಹೇಳೋದಿಲ್ಲ.

ಪವರ್ ಎಷ್ಟು ಜಾಸ್ತಿ ಆಯ್ತು ಅಂತ ಕೇಳುತ್ತೀರಿ ಅಲ್ವಾ? ಕೆಳಗಿನ ಆರ್‌ಪಿಎಂನಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಮೇಲಕ್ಕೆ ಹೋದಾಗ ಮೊದಲಿನ ಹಾಗೆ ಉಸಿರು ಕಟ್ಟೋದಿಲ್ಲ, ಅಷ್ಟೇ. ಒಂದೇ ಬಾಯಿಯ ಕಾರ್ಬುರೇಟರ್ ಇಟ್ಟುಕೊಂಡು ಹಿಂಬಾಗಿಲು ಮಾತ್ರ ದೊಡ್ಡದು ಮಾಡಿದರೆ ಇನ್ನೇನಾಗುತ್ತೆ? ಸ್ಪಾರ್ಕ್ ಪ್ಲಗ್ ತೆಗೆದು ನೋಡಿದರೆ ಬೆಳ್ಳಗೆ ಸುಟ್ಟಿತ್ತು, ಪೆಟ್ರೋಲ್ ಸಾಲುತ್ತಿಲ್ಲ ಅಂತ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ ಮೇಲೆ ಪ್ಲಗ್ ಕಂದು ಬಣ್ಣಕ್ಕೆ ಬಂತು. ಸದ್ದು ಮಾತ್ರ ಚೆನ್ನಾಗಿದೆ, ಗಂಟಲು ಸರಿಮಾಡಿಕೊಂಡ ಹಾಗೆ. ಎಕ್ಸಾಸ್ಟ್ ಬದಲಿಸಿದ ಗಾಡಿಯನ್ನು ಹೊಗೆ ತಪಾಸಣೆಯಲ್ಲಿ ಒಪ್ಪುತ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಮೊದಲ ಸಲ ಕಾದು ಆರಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಲೇಬೇಕು, ಆಮೇಲೆ ಕೆಲವು ದಿನ ಓಡಿಸಿ ಇನ್ನೊಮ್ಮೆ. ಒಂದು ಬೋಲ್ಟ್‌ಗೆ ಪೈಪ್ ಅಡ್ಡ ಬಂದು ಯಾವ ಸ್ಪ್ಯಾನರೂ ಹೋಗುತ್ತಿರಲಿಲ್ಲ. ಹಳೇ ರಿಂಗ್ ಸ್ಪ್ಯಾನರ್ ಒಂದನ್ನು ಕಾಯಿಸಿ ಬಗ್ಗಿಸಿ, ಹಿಡಿ ಅರ್ಧಕ್ಕೆ ಕತ್ತರಿಸಿದೆ. ಅದು ಈಗ ಗಾಡಿಯಲ್ಲೇ ಸೀಟಿನ ಕೆಳಗಿರುತ್ತೆ.